ಚಳಿ ಹೋಗುವ ಮೊದಲೇ ಬರುವ ಚೈತ್ರ

ಸಂಕ್ರಾಂತಿಯ ಎಳ್ಳುಬೆಲ್ಲ ಮುಗಿದು, ಯುಗಾದಿಯ ಬೇವುಬೆಲ್ಲ ಇನ್ನೂ ದೂರವಿರುವ ಈ ವಾರಗಳನ್ನು ನಮ್ಮ ಛಾಯಾಗ್ರಾಹಕರು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಮಳೆಗಾಲ ಬಂದರೆ ಮಲೆನಾಡಿನ ಜಲಪಾತಗಳ ಮುಂದೆ ಟ್ರೈಪಾಡುಗಳ ಸಾಲು ನಿಲ್ಲುತ್ತದೆ. ಬೇಸಿಗೆ ಬಂದರೆ ಕಬಿನಿ ಹಿನ್ನೀರಿನ ಆನೆಗಳಿಗಾಗಿ ಸಫಾರಿ ಜೀಪುಗಳು ತುಂಬುತ್ತವೆ. ಮಾಘ ಮಾಸ ಎಂದರೆ ಮಾತ್ರ, ‘ಎಲ್ಲ ಒಣಗಿ ನಿಂತಿದೆ, ತೆಗೆಯೋದಕ್ಕೆ ಏನಿದೆ’ ಎನ್ನುತ್ತಾರೆ. ನನ್ನ ಮಟ್ಟಿಗೆ ಕರ್ನಾಟಕದಲ್ಲಿ ಕ್ಯಾಮೆರಾ ಹಿಡಿದು ಹೊರಗೆ ಹೊರಡಲು ಜನವರಿಯ ನಡುವಿನಿಂದ ಮಾರ್ಚ್ ನಡುವಿನವರೆಗಿನ ಈ ಕಾಲಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂಬ ಮಾತು ಎಲ್ಲರಿಗೂ ಗೊತ್ತು. ವಸಂತ ಅಷ್ಟು ದಿನ ಕಾಯುವುದಿಲ್ಲ. ಬೆಳಗಿನ ಜಾವ ಕಂಬಳಿ ಬಿಡಲು ಮನಸ್ಸಾಗದ ದಿನಗಳಲ್ಲೇ ಮಾವು ಹೂವೆತ್ತಿರುತ್ತದೆ, ಬೂರುಗದ ಬೋಳು ಕೊಂಬೆಗಳಲ್ಲಿ ಕಪ್ಪು ಮೊಗ್ಗು ದಪ್ಪಗಾಗುತ್ತಿರುತ್ತದೆ, ಕುಟ್ರ ಹಕ್ಕಿ ಕೂಗಲು ಶುರು ಮಾಡಿರುತ್ತದೆ. ಅತ್ತ ಹೊಂಗೆ ಇನ್ನೂ ಹಳದಿ ಎಲೆ ಉದುರಿಸುತ್ತಲೇ ಇರುತ್ತದೆ. ಹೋಗುವ ಋತುವೂ ಬರುವ ಋತುವೂ ಕೆಲವು ವಾರ ಒಂದೇ ಕೊಂಬೆಯ ಮೇಲೆ ಒಟ್ಟಿಗಿರುತ್ತವೆ. ಆ ಕೊಂಬೆ ಚಿತ್ರಕ್ಕೆ ಸಿಗುವುದು ಈಗ ಮಾತ್ರ. ಯುಗಾದಿಯ ಹೊತ್ತಿಗೆ ಎಲ್ಲ ಮರಗಳೂ ಹಸಿರಾಗಿ, ಎಲ್ಲವೂ ಒಂದೇ ತೆರನಾಗಿ ಕಾಣತೊಡಗುತ್ತವೆ.

ಮೊದಲು ಬೆಳಕಿನ ವಿಷಯ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ನಡುಹಗಲ ಸೂರ್ಯ ಇಲ್ಲಿ ಕ್ಷಿತಿಜದಿಂದ ಹೆಚ್ಚೆಂದರೆ 54 ಡಿಗ್ರಿ ಎತ್ತರಕ್ಕೆ ಏರುತ್ತಾನೆ. ಮಾರ್ಚ್ 20ರ ಸುಮಾರಿಗೆ ಅದು 77 ಡಿಗ್ರಿ. ಏಪ್ರಿಲ್ 24ರ ಆಸುಪಾಸು ನೆತ್ತಿಯ ಮೇಲೆ ನೇರವಾಗಿ ನಿಂತು, ನೆರಳೇ ಇಲ್ಲದ ದಿನ ಬರುತ್ತದೆ. ಎಂದರೆ ಜನವರಿಯಲ್ಲಿ ಮಧ್ಯಾಹ್ನವೂ ಬೆಳಕು ಓರೆಯಾಗಿಯೇ ಬೀಳುತ್ತದೆ, ಮರದ ತೊಗಟೆಗೆ, ಗುಡ್ಡದ ಏಣಿಗೆ, ಮುಖದ ಸುಕ್ಕಿಗೆ ಆಳ ಕೊಡುತ್ತದೆ. ಸೂರ್ಯ 30 ಡಿಗ್ರಿ ಎತ್ತರ ಮುಟ್ಟಲು ಜನವರಿ ನಡುವಿನಲ್ಲಿ ಬೆಳಗಿನ ಒಂಬತ್ತು ದಾಟುತ್ತದೆ, ಏಪ್ರಿಲ್ ನಡುವಿನಲ್ಲಿ ಎಂಟೂಕಾಲಿಗೇ ಮುಟ್ಟಿಬಿಡುತ್ತಾನೆ. ತಿಂಡಿ ತಿಂದು ಹೊರಟರೂ ಒಳ್ಳೆಯ ಬೆಳಕು ಸಿಗುವ ಕಾಲ ನಮ್ಮಲ್ಲಿ ಇದೊಂದೇ.

ಇನ್ನೊಂದು ಸಂಗತಿ ಬಹಳ ಜನರಿಗೆ ಆಶ್ಚರ್ಯ ತರುತ್ತದೆ. ಉತ್ತರಾಯಣ ಬಂತು, ಹಗಲು ಬೆಳೆಯುತ್ತಿದೆ, ಹಾಗಾಗಿ ಸೂರ್ಯ ದಿನದಿನಕ್ಕೆ ಬೇಗ ಹುಟ್ಟುತ್ತಾನೆ ಎಂದುಕೊಳ್ಳುತ್ತೇವೆ. ಆದರೆ ಬೆಂಗಳೂರಿನಲ್ಲಿ ಸೂರ್ಯೋದಯ ಅತಿ ತಡವಾಗುವುದು ಜನವರಿಯ ಕೊನೆಯ ವಾರದಲ್ಲಿ, ಸುಮಾರು 6 ಗಂಟೆ 46 ನಿಮಿಷಕ್ಕೆ. ಭೂಮಿಯ ಕಕ್ಷೆ ಪೂರ್ತಿ ವೃತ್ತವಲ್ಲ, ಅಕ್ಷವೂ ವಾಲಿಕೊಂಡಿದೆ. ಇವೆರಡರಿಂದ ಸೂರ್ಯನ ನಡುಹಗಲು ಗಡಿಯಾರದ ಹನ್ನೆರಡರಿಂದ ಹಿಂದೆ ಮುಂದೆ ಸರಿಯುತ್ತಿರುತ್ತದೆ, ಈ ವಾರಗಳಲ್ಲಿ ತಡವಾಗುತ್ತ ಹೋಗಿರುತ್ತದೆ. ಬೆಳೆದ ಹಗಲಿನ ಪಾಲೆಲ್ಲ ಸಂಜೆಗೇ ಸೇರುತ್ತದೆ. ಬೇಗ ಏಳಲು ಸೋಮಾರಿತನವಿರುವವರಿಗೂ ಸೂರ್ಯ ಇಷ್ಟು ಅನುಕೂಲ ಮಾಡಿಕೊಟ್ಟಿರುತ್ತಾನೆ. ಜೊತೆಗೆ, ಅವನು ಹುಟ್ಟುವ ಜಾಗವೂ ಸರಿಯುತ್ತದೆ. ಡಿಸೆಂಬರಿನಲ್ಲಿ ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಹುಟ್ಟಿದವನು ಮಾರ್ಚ್ 20ಕ್ಕೆ ನೇರ ಪೂರ್ವಕ್ಕೆ ಬಂದಿರುತ್ತಾನೆ. ಒಂದೇ ಜಾಗದಲ್ಲಿ ನಿಂತು ಒಂದೇ ಮರವನ್ನು ತೆಗೆದರೂ ಜನವರಿಯ ನೆರಳು ಬೇರೆ, ಮಾರ್ಚಿನ ನೆರಳು ಬೇರೆ.

ಇನ್ನು ಕಾವಳ. ರಾತ್ರಿ ಆಕಾಶ ತಿಳಿಯಾಗಿದ್ದು ಗಾಳಿ ಬೀಸದಿದ್ದರೆ ನೆಲ ತನ್ನ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ, ಅದರಲ್ಲಿನ ತೇವ ಹನಿಗಟ್ಟುತ್ತದೆ. ತಂಪು ಗಾಳಿ ಭಾರವಾದ್ದರಿಂದ ತಗ್ಗಿಗೆ ಇಳಿದು ಕೆರೆಯಂಗಳದಲ್ಲಿ, ಗದ್ದೆಬಯಲಿನಲ್ಲಿ ತಂಗುತ್ತದೆ. 1,478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ಭಾನುವಾರ ಬೆಳಗ್ಗೆ ವಾಹನಗಳ ಸಾಲು ಹತ್ತುವುದು ಈ ಕಾವಳವನ್ನು ಮೇಲಿನಿಂದ ನೋಡಲಿಕ್ಕೆ. ನೋಡಲು ಅದು ಚೆಂದವೇ. ಚಿತ್ರಕ್ಕೆ ಮಾತ್ರ ಅದರೊಳಗೇ ನಿಲ್ಲುವುದು ಹೆಚ್ಚು ಫಲ ಕೊಡುತ್ತದೆ ಎಂದು ನನ್ನ ನಂಬಿಕೆ. ನಿಮ್ಮೂರ ಕೆರೆಯ ಏರಿ ಸಾಕು. ಹತ್ತಿರದ ಮರ ಕಪ್ಪಗೆ, ಅದರಾಚೆಯದು ಬೂದು, ಮತ್ತೂ ಆಚೆಯದು ಇದೆಯೋ ಇಲ್ಲವೋ ಎಂಬಷ್ಟು ತೆಳು. ಬೇರೆ ದಿನ ಗಿಜಿಗುಟ್ಟುವ ಹಿನ್ನೆಲೆಯನ್ನೆಲ್ಲ ಕಾವಳ ಅಳಿಸಿ ಒಂದೊಂದೇ ಪದರವಾಗಿ ಬಿಡಿಸಿಡುತ್ತದೆ.

ಇಲ್ಲಿ ಕ್ಯಾಮೆರಾ ಒಂದು ಕಡೆ ಎಡವುತ್ತದೆ. ಅದರೊಳಗಿನ ಬೆಳಕಿನ ಮೀಟರು ಎದುರಿನ ದೃಶ್ಯವನ್ನು ಸರಾಸರಿ ನಡುಬೂದು ಎಂದು, ಬಿದ್ದ ಬೆಳಕಿನಲ್ಲಿ ಶೇ 18ರಷ್ಟನ್ನು ಹಿಂದಿರುಗಿಸುತ್ತದೆ ಎಂದು ಎಣಿಸಿ ಲೆಕ್ಕ ಹಾಕುತ್ತದೆ. ಎದುರಿಗೆ ಬರೀ ಬಿಳಿ ಕಾವಳ ಇದ್ದರೂ ಅದನ್ನು ಬೂದು ಮಾಡಿಯೇ ತೀರುತ್ತದೆ. ಬೆಳಗಿನ ಹೊಳಪು ಕಣ್ಣಲ್ಲಿ ಉಳಿದು, ಮನೆಗೆ ಬಂದು ನೋಡಿದರೆ ಚಿತ್ರ ಕೊಳೆ ಹಿಡಿದಂತೆ ಮಂಕಾಗಿರುವುದು ಇದರಿಂದಲೇ. ಎಕ್ಸ್‌ಪೋಶರನ್ನು ಒಂದು ಸ್ಟಾಪ್, ಎಂದರೆ ಬೆಳಕು ಎರಡರಷ್ಟಾಗುವಂತೆ, ಹೆಚ್ಚಿಸಿ. ಮೊಬೈಲಿನಲ್ಲಾದರೆ ಪರದೆಯನ್ನು ಮುಟ್ಟಿ, ಸೂರ್ಯನ ಗುರುತನ್ನು ಮೇಲಕ್ಕೆ ಜಾರಿಸಿದರೆ ಆಯಿತು. ಅಮೆರಿಕದಲ್ಲೋ ಕೆನಡಾದಲ್ಲೋ ಇರುವ ಕನ್ನಡಿಗರು ಹಿಮದ ನಡುವೆ ತಲೆಯೆತ್ತಿದ ಮೊದಲ ಕ್ರೋಕಸ್ ಹೂವನ್ನು ತೆಗೆಯುವಾಗಲೂ ಇದೇ ಸೂತ್ರ, ಅಲ್ಲಿ ಒಂದರಿಂದ ಎರಡು ಸ್ಟಾಪ್ ಬೇಕಾಗುತ್ತದೆ. ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡಬೇಡಿ. ಬೆಳಗಿನ ಬೆಳಕಿನ ಹೊಂಬಣ್ಣವನ್ನು ಅದು ದೋಷವೆಂದು ಬಗೆದು ತಿದ್ದಿಬಿಡುತ್ತದೆ. ಡೇಲೈಟ್‌ನಲ್ಲಿಟ್ಟರೆ ಎಳೆಬಿಸಿಲು ಎಳೆಬಿಸಿಲಾಗಿಯೇ ಉಳಿಯುತ್ತದೆ.

ಇಬ್ಬನಿಯ ಬೆಳಗುಗಳಲ್ಲಿ ಹುಲ್ಲಿನ ಮಟ್ಟಕ್ಕೆ ಬಗ್ಗಿ ನೋಡಬೇಕು. ಚಿಟ್ಟೆ, ಕೊಡತಿಹುಳು ಅಥವಾ ಏರೋಪ್ಲೇನ್ ಚಿಟ್ಟೆ ಎಂದು ಮಕ್ಕಳು ಕರೆಯುವ ಡ್ರಾಗನ್‌ಫ್ಲೈ, ಇವು ಮೈ ಬೆಚ್ಚಗಾಗುವ ತನಕ ಹಾರಲಾರವು. ಮೈತುಂಬ ಹನಿ ಹೊತ್ತು ಕಡ್ಡಿಗೆ ಅಂಟಿಕೊಂಡಿರುತ್ತವೆ. ಮ್ಯಾಕ್ರೋ ಲೆನ್ಸ್ ಇರುವವರಿಗೆ ಸೂರ್ಯ ಬಂದು ಅವುಗಳನ್ನು ಎಬ್ಬಿಸುವವರೆಗಿನ ಆ ಅವಧಿ ಚಿನ್ನ.

ನನ್ನ ಮನಸ್ಸು ಹೆಚ್ಚು ತಂಗುವುದು ಮರಗಳ ಹತ್ತಿರ. ಮೈಸೂರು, ಚಾಮರಾಜನಗರ, ಶಿವಮೊಗ್ಗ, ಉತ್ತರ ಕನ್ನಡದ ಎಲೆಯುದುರುವ ಕಾಡುಗಳಲ್ಲಿ ಈ ಕಾಲಕ್ಕೆ ಕಾಡಿನ ಎಲುಬು ಕಾಣುತ್ತದೆ. ಯಾವ ಕೊಂಬೆ ಎಲ್ಲಿ ತಿರುಗಿತು, ಯಾವುದು ಮುರಿದು ಮತ್ತೆ ಬೆಳೆಯಿತು ಎಂಬುದೆಲ್ಲ ಬಯಲಾಗಿರುತ್ತದೆ. ಸಂಡೂರಿನ ಎಂ.ವೈ. ಘೋರ್ಪಡೆಯವರು ಕಪ್ಪು-ಬಿಳುಪಿನಲ್ಲಿ ನಮ್ಮ ವನ್ಯಜೀವಿಗಳನ್ನು ತೆಗೆದವರು. ಬಣ್ಣ ಬೇಡುವ ಕಾಲ ಯಾವುದು, ಬಣ್ಣವಿಲ್ಲದೆ ನಿಲ್ಲುವ ಕಾಲ ಯಾವುದು ಎಂಬುದು ಅಂಥವರ ಕೆಲಸ ನೋಡಿದರೆ ತಿಳಿಯುತ್ತದೆ. ಜನವರಿಯ ಬೋಳುಮರ ಕಪ್ಪು-ಬಿಳುಪಿನಲ್ಲೇ ಹೆಚ್ಚು ಮಾತಾಡುತ್ತದೆ. ಫೆಬ್ರವರಿಯಲ್ಲಿ ಬೂರುಗ, ಮುತ್ತುಗ ಅರಳಿದ ಮೇಲೆ ಆ ಮಾತು ನಡೆಯುವುದಿಲ್ಲ.

ಈ ಮರಗಳು ಎಲೆ ಕಳಚಿಕೊಂಡೇ ಹೂ ಬಿಡುವುದರಲ್ಲಿ ಒಂದು ಜಾಣತನವಿದೆ. ಒಣಗಾಲದಲ್ಲಿ ಎಲೆ ಇಟ್ಟುಕೊಂಡರೆ ಅದರ ಮೂಲಕ ನೀರು ಆವಿಯಾಗಿ ಹೋಗುತ್ತದೆ, ಉದುರಿಸಿದರೆ ಉಳಿಯುತ್ತದೆ. ಎಲೆಯ ಮರೆಯಿಲ್ಲದ ಹೂವು ದೂರದ ಹಕ್ಕಿಗೂ ಕಾಣುತ್ತದೆ. ಬೂರುಗದ ಹತ್ತಿ ಬೀಜವನ್ನು ಹೊತ್ತು ಹಾರಲು ಬೇಸಿಗೆಯ ಒಣಗಾಳಿ ಬೇಕು, ಅಷ್ಟರೊಳಗೆ ಕಾಯಿ ಬಲಿಯಬೇಕಾದರೆ ಹೂ ಈಗಲೇ ಬರಬೇಕು. ಹೂಬಿಟ್ಟ ಒಂದು ಬೂರುಗದ ಮರದ ಕೆಳಗೆ ಬೆಳಗಿನ ಹೊತ್ತು ಸುಮ್ಮನೆ ಕೂತರೆ ಸಾಕು, ಬೇರೆ ಸಫಾರಿ ಬೇಕಿಲ್ಲ. ಗೊರವಂಕ, ಗಿಳಿ, ಕಾಜಾಣ, ಪಿಕಳಾರ, ಕಾಗೆ, ಅಳಿಲು ಎಲ್ಲವೂ ಮಕರಂದಕ್ಕೆ ಬರುತ್ತವೆ. ಪೂರ್ವ ಯುರೋಪು, ಮಧ್ಯ ಏಷ್ಯಾದಿಂದ ಚಳಿಗೆ ಬಂದ ಗುಲಾಬಿ ಕಬ್ಬಕ್ಕಿಗಳ ಹಿಂಡೂ ಬರುತ್ತದೆ. ಅವು ತವರಿಗೆ ಹೊರಡುವ ಮೊದಲು ಇಲ್ಲಿ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಕಾಡಿನಲ್ಲಾದರೆ ಕೆಳಗೆ ಬಿದ್ದ ದಪ್ಪ ಹೂಗಳನ್ನು ತಿನ್ನಲು ಜಿಂಕೆಗಳು ಬರುತ್ತವೆ. ಗಂಡು ಊದಾ ಸೂರಕ್ಕಿ ತನ್ನ ಮಂಕು ಗರಿ ಬದಲಿಸಿ ನೀಲಿ-ನೇರಳೆ ಮಿಂಚು ತೊಡುವುದೂ ಈ ವೇಳೆಗೇ. ಅರ್ಧ ಮಂಕು, ಅರ್ಧ ಮಿಂಚು ಇರುವ ಸೂರಕ್ಕಿ ಸಿಕ್ಕಿದರೆ ಅದನ್ನು ತಪ್ಪಿಸಿಕೊಳ್ಳಬೇಡಿ. ಋತು ಬದಲಾಗುವುದನ್ನು ಮೈಮೇಲೇ ಬರೆದುಕೊಂಡ ಹಕ್ಕಿ ಅದು.

ಮುತ್ತುಗದ ಹೂವನ್ನು ತೆಗೆಯುವುದು ಕಷ್ಟದ ಕೆಲಸ, ಅದರ ಕಾರಣ ತಿಳಿದಿರಬೇಕು. ಸೆನ್ಸರ್ ಕೆಂಪು, ಹಸಿರು, ನೀಲಿ ಎಂದು ಮೂರು ಬಣ್ಣಗಳಲ್ಲಿ ಬೆಳಕನ್ನು ಅಳೆಯುತ್ತದೆ. ಬಿಸಿಲಿಗೆ ಉರಿಯುವ ಮುತ್ತುಗದ ದಳದಲ್ಲಿ ಕೆಂಪು ಮೊದಲೇ ತುಂಬಿ ತುಳುಕುತ್ತದೆ, ಉಳಿದೆರಡು ಅರ್ಧಕ್ಕೂ ಬಂದಿರುವುದಿಲ್ಲ. ಒಟ್ಟು ಬೆಳಕಿನ ಹಿಸ್ಟೋಗ್ರಾಂ ನೋಡಿದರೆ ಎಲ್ಲ ಸರಿ ಇದೆ ಎನಿಸುತ್ತದೆ, ಹೂವಿನಲ್ಲಿ ಮಾತ್ರ ದಳದ ನವಿರು, ಗೆರೆ, ಮಡಿಕೆ ಎಲ್ಲ ಹೋಗಿ ಕಿತ್ತಳೆ ಬಣ್ಣದ ತೇಪೆ ಉಳಿಯುತ್ತದೆ. ಮೂರೂ ಬಣ್ಣಗಳ ಹಿಸ್ಟೋಗ್ರಾಂ ಬೇರೆಬೇರೆಯಾಗಿ ತೋರುವಂತೆ ಮಾಡಿಕೊಂಡು ಕೆಂಪಿನ ಗೆರೆಯನ್ನು ನೋಡಿ, ಎಕ್ಸ್‌ಪೋಶರನ್ನು ಅರ್ಧದಿಂದ ಒಂದು ಸ್ಟಾಪ್ ಇಳಿಸಿ, ರಾ ಫೈಲಿನಲ್ಲಿ ತೆಗೆಯಿರಿ. ಕಾವಳಕ್ಕೆ ಏರಿಸಿದ್ದನ್ನು ಇಲ್ಲಿ ಇಳಿಸಬೇಕು. ಅದಕ್ಕಿಂತ ಸುಲಭದ ದಾರಿ ಸೂರ್ಯ ಹುಟ್ಟುವ ಮುಂಚಿನ ಬೆಳಕು. ಆ ಮೃದು ಬೆಳಕಿನಲ್ಲಿ ಗಿಳಿಕೊಕ್ಕಿನಂಥ ಆ ಹೂವಿನ ಮೇಲಿನ ರೇಷ್ಮೆರೋಮವೂ ಕಾಣುತ್ತದೆ. ಬೂರುಗದ ದಳಕ್ಕೆ ಮೇಣದ ಹೊಳಪಿದೆ, ಆಕಾಶದ ಬಿಳಿ ಅದರಲ್ಲಿ ಪ್ರತಿಫಲಿಸುತ್ತದೆ. ಪೋಲರೈಸರ್ ಫಿಲ್ಟರ್ ತಿರುಗಿಸಿದರೆ ಆ ಬಿಳಿ ಕಳೆದು ಒಳಗಿನ ಕೆಂಪು ಹೊರಬರುತ್ತದೆ. ಇದನ್ನೆಲ್ಲ ಫೆಬ್ರವರಿಯಲ್ಲೇ ಮಾಡಿ ಮುಗಿಸುವುದು ಒಳ್ಳೆಯದು. ಮಾರ್ಚ್ ಹೊತ್ತಿಗೆ ಧೂಳೂ ಹೊಗೆಯೂ ಸೇರಿ ಹಿಂದಿನ ನೀಲಿ ಬಿಳಿಚಿಕೊಂಡಿರುತ್ತದೆ.

ಹೂವಿಗಿಂತ ಚಿಗುರನ್ನು ಕಡೆಗಣಿಸುವುದು ಹೆಚ್ಚು. ಅರಳಿಯ ತಾಮ್ರ, ಮಾವಿನ ಕಂದು, ಸಾಗಡೆ ಮರದ ರಕ್ತಗೆಂಪು ಇವೆಲ್ಲ ಎಲೆ ಹಸಿರಾಗುವ ಮೊದಲಿನ ಬಣ್ಣಗಳು. ಎಳೆಯ ಎಲೆಯಲ್ಲಿ ಹರಿತ್ತು ಇನ್ನೂ ತುಂಬಿರುವುದಿಲ್ಲ, ಆಂಥೋಸಯಾನಿನ್ ಎಂಬ ಕೆಂಪು ವರ್ಣಕ ಮೇಲುಗೈ ಸಾಧಿಸಿರುತ್ತದೆ. ಕೆಲವೇ ದಿನಗಳಲ್ಲಿ ಅದು ಹೋಗಿಬಿಡುತ್ತದೆ. ಇದನ್ನು ತೆಗೆಯಲು ಸೂರ್ಯನಿಗೆ ಬೆನ್ನು ಮಾಡುವ ಹಳೆಯ ಪಾಠ ಮರೆಯಬೇಕು. ಸೂರ್ಯನಿಗೆ ಎದುರಾಗಿ, ಎಲೆ ನಡುವೆ ಬರುವಂತೆ ನಿಂತರೆ ಎಲೆ ಒಳಗಿನಿಂದ ದೀಪ ಹಚ್ಚಿದ ಹಾಗೆ ಬೆಳಗುತ್ತದೆ, ನರಗಳೆಲ್ಲ ಎಣಿಸುವಷ್ಟು ಸ್ಪಷ್ಟ. ಸ್ಪಾಟ್ ಮೀಟರನ್ನು ಎಲೆಗೇ ಹಿಡಿಯಿರಿ, ಹಿನ್ನೆಲೆಗೆ ನೆರಳಿನ ಗೋಡೆಯೋ ದಟ್ಟ ಪೊದೆಯೋ ಇರಲಿ. ಚಿಗುರು ಗಾಳಿಗೆ ಬೇಗ ಅಲುಗುತ್ತದೆ, ಶಟರ್ ವೇಗ ಸೆಕೆಂಡಿನ 250ನೇ ಒಂದು ಭಾಗಕ್ಕಿಂತ ನಿಧಾನವಾಗದಿರಲಿ.

ಬೆಂಗಳೂರಿನವರಿಗೆ ಇದಕ್ಕೆಲ್ಲ ಕಾಡಿಗೆ ಹೋಗಬೇಕಾಗಿಲ್ಲ. 1908ರಿಂದ 1932ರವರೆಗೆ ಲಾಲ್‌ಬಾಗ್‌ನ ಹೊಣೆ ಹೊತ್ತಿದ್ದ ಜರ್ಮನ್ ತೋಟಗಾರ ಜಿ.ಎಚ್. ಕ್ರುಂಬಿಗಲ್, ವರ್ಷದ ಯಾವ ಕಾಲಕ್ಕೂ ಯಾವುದಾದರೊಂದು ಮರ ಹೂಬಿಟ್ಟಿರಬೇಕೆಂದು ಲೆಕ್ಕ ಹಾಕಿ ರಸ್ತೆಬದಿಯ ಮರಗಳನ್ನು ಆರಿಸಿದವರು. ಆ ಪರಂಪರೆಯನ್ನು ಮುಂದಿನವರೂ ಉಳಿಸಿಕೊಂಡರು. ಈಗ ಜನವರಿಯಲ್ಲಿ ಗುಲಾಬಿ ತಬೆಬುಯಾ ಅರಳಿದರೆ ನಗರವೇ ಮೊಬೈಲು ಎತ್ತಿ ನಿಲ್ಲುತ್ತದೆ. ಹಿಂದೆಯೇ ಹಳದಿ ತಬೆಬುಯಾ, ಜಕರಾಂಡ, ಬೇಸಿಗೆಗೆ ಗುಲ್‌ಮೊಹರ್. ಇವೆಲ್ಲ ಹೊರನಾಡಿನಿಂದ ಬಂದ ಮರಗಳು, ಚೆಂದವಾಗಿವೆ, ಅವನ್ನು ತೆಗೆಯುವುದರಲ್ಲಿ ತಪ್ಪೇನಿಲ್ಲ. ಆದರೆ ಅದೇ ರಸ್ತೆಯ ಹೊಂಗೆ ಮರ ಒಂದೇ ವಾರದಲ್ಲಿ ಬೋಳಾಗಿ ಮುಂದಿನ ವಾರ ಎಳೆಹಸಿರಿನಲ್ಲಿ ಮೀಯುವುದನ್ನು ಯಾರೂ ಕತ್ತೆತ್ತಿ ನೋಡುವುದಿಲ್ಲ. ನಮ್ಮ ನೆಲದ ವಸಂತದ ಗುರುತು ಆ ಹೊಂಗೆಯೇ.

ಹಕ್ಕಿಗಳಲ್ಲೂ ಹೋಗುವವರು, ಬರುವವರು ಈ ವಾರಗಳಲ್ಲೇ ಕಾಣಸಿಗುತ್ತಾರೆ. ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಮಂಗೋಲಿಯಾ, ಟಿಬೆಟ್ ಕಡೆಯ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯಲು ಅಲ್ಲಿಗೆ ಬರುತ್ತವೆ. ಹಗಲು ನೀರಿನಲ್ಲಿ ವಿಶ್ರಾಂತಿ, ಕತ್ತಲಾಗುವ ಹೊತ್ತಿಗೆ ಸುತ್ತಲಿನ ಹೊಲಗಳಲ್ಲಿ ಮೇವು. ಹಾಗಾಗಿ ಅವು ಸಾಲುಗಟ್ಟಿ ಏಳುವ ಮುಸ್ಸಂಜೆ, ಮರಳುವ ನಸುಕು, ಇವೇ ಚಿತ್ರದ ಹೊತ್ತುಗಳು. ಫೆಬ್ರವರಿ ಕಳೆಯುತ್ತ ಅವು ಉತ್ತರಕ್ಕೆ ಹೊರಡುತ್ತವೆ, ದಾರಿಯಲ್ಲಿ ಹಿಮಾಲಯವನ್ನು ದಾಟುತ್ತವೆ. 7,000 ಮೀಟರಿಗೂ ಹೆಚ್ಚಿನ ಎತ್ತರದಲ್ಲಿ ಅವು ಹಾರಿದ ದಾಖಲೆ ಇದೆ. ಆ ಪಯಣಕ್ಕೆ ಬೇಕಾದ ಕೊಬ್ಬನ್ನು ಅವು ಇಲ್ಲಿ ಮೈಗೂಡಿಸಿಕೊಳ್ಳುತ್ತಿರುತ್ತವೆ. ಹಾರುವ ಚಿತ್ರ ಬೇಕೆಂದು ಕೆರೆಯಂಚಿಗೆ ನುಗ್ಗಿ ಅವನ್ನು ಎಬ್ಬಿಸಿದರೆ ಆ ಕೂಡಿಟ್ಟದ್ದನ್ನು ನಾವು ಖರ್ಚು ಮಾಡಿಸಿದಂತೆ. ಇದನ್ನು ಮಾಡುವವರನ್ನು ನಾನು ಛಾಯಾಗ್ರಾಹಕರೆಂದು ಕರೆಯಲಾರೆ.

ಅತ್ತ ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ, ಅರಳಿ ಮರಗಳಲ್ಲಿ ಗೂಡು ಕಟ್ಟಿ ಸಂಸಾರ ಹೂಡಿರುತ್ತವೆ. ಊರವರು ಅವನ್ನು ತಲೆಮಾರುಗಳಿಂದ ತಮ್ಮವೆಂದೇ ನೋಡಿಕೊಂಡು ಬಂದಿದ್ದಾರೆ. ಅಲ್ಲಿ ದೂರದಿಂದ ಉದ್ದ ಲೆನ್ಸಿನಲ್ಲಿ, ಮನೆಗಳೂ ಹಕ್ಕಿಗಳೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ತೆಗೆದರೆ ಅದೇ ಆ ಊರಿನ ನಿಜವಾದ ಚಿತ್ರ. ಬೇರೆಡೆ, ಒಂಟಿ ಗೂಡುಗಳ ಹತ್ತಿರ ಹೋಗಲೇಬಾರದು. ರೆಂಬೆ ಸವರಿ ಗೂಡನ್ನು ಬಯಲು ಮಾಡಿದರೆ ಬಿಸಿಲೂ ಹದ್ದೂ ಮರಿಯನ್ನು ಉಳಿಸುವುದಿಲ್ಲ. ಹಲವು ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿರುವುದು ಇದಕ್ಕೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಗಂಡನ್ನು ಹೊರಗೆಳೆಯುವುದೂ ಅಷ್ಟೇ ಕೆಟ್ಟದ್ದು. ಇಲ್ಲದ ಎದುರಾಳಿಯನ್ನು ಅಟ್ಟಲು ಅದು ತನ್ನ ಬೆಳಗನ್ನೆಲ್ಲ ಕಳೆಯುತ್ತದೆ. ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅಂಥವರು ರೋಲಿಗೆ 36 ಚಿತ್ರಗಳ ಫಿಲ್ಮ್ ಕಾಲದಲ್ಲಿ ಮರೆಯಲ್ಲಿ ಕೂತು ಕಾದು ಜಗತ್ತೇ ಮೆಚ್ಚುವ ಕೆಲಸ ಮಾಡಿದರು. ಈಗಿನ ಕ್ಯಾಮೆರಾ ಕೈಯಲ್ಲಿರುವವರು ಅವಸರಪಡಲು ಕಾರಣವೇ ಇಲ್ಲ.

ಮಲೆನಾಡು, ಕೊಡಗಿನವರು ಇನ್ನೊಂದು ಘಳಿಗೆಗೆ ಕಾದಿರಬೇಕು. ಫೆಬ್ರವರಿ-ಮಾರ್ಚಿನಲ್ಲಿ ಒಂದು ಒಳ್ಳೆಯ ಹೂಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ಕಾಫಿ ತೋಟ ಇಡಿಯಾಗಿ ಬೆಳ್ಳಗೆ ಅರಳುತ್ತದೆ, ಎರಡು-ಮೂರು ದಿನಕ್ಕೆ ಬಾಡುತ್ತದೆ. ಮಳೆ ಬಿದ್ದ ದಿನವನ್ನು ಗುರುತು ಹಾಕಿಕೊಂಡವರಿಗೆ ಮಾತ್ರ ಅದು ದಕ್ಕುತ್ತದೆ. ಬಿಳಿ ಹೂವಾದ್ದರಿಂದ ಮೋಡದ ಬೆಳಕು ಒಳ್ಳೆಯದು. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರ ಕ್ಯಾಮೆರಾಕ್ಕೆ ಅವರ ತೋಟವೇ ದೊಡ್ಡ ಕಾಡಾಗಿತ್ತು.

ಇಷ್ಟು ಹೇಳಿದ ಮೇಲೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್ ಎಂಬ ಊರಿನ ಸ್ಮಶಾನದಲ್ಲಿ 1868ರ ಮೇ 30ರಂದು ಯಾರೋ ಒಂದು ಚಿತ್ರ ತೆಗೆದಿದ್ದರು. ಅದರಲ್ಲಿ ಮರಗಳೆಲ್ಲ ಬೋಳು. 2005ರ ಮೇ 30ರಂದು ಅದೇ ಜಾಗದಲ್ಲಿ ತೆಗೆದ ಚಿತ್ರದಲ್ಲಿ ಮರಗಳು ಎಲೆ ತುಂಬಿ ನಿಂತಿವೆ. ಹೀಗೆ ದಿನಾಂಕ ಖಚಿತವಿದ್ದ ಹಳೆಯ ಚಿತ್ರಗಳನ್ನು ಹುಡುಕಿ, ವಸಂತ ಹೇಗೆ ಮುಂದಕ್ಕೆ ಸರಿಯುತ್ತಿದೆ ಎಂದು ಬೋಸ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಧ್ಯಯನ ಮಾಡಿದರು. 1868ರಲ್ಲಿ ಆ ಚಿತ್ರ ತೆಗೆದವರ ಮನಸ್ಸಿನಲ್ಲಿ ಹವಾಮಾನದ ಯೋಚನೆಯೇ ಇದ್ದಿರಲಾರದು. ದಿನಾಂಕ ಉಳಿದಿತ್ತು, ಜಾಗ ಗೊತ್ತಿತ್ತು, ಅಷ್ಟೇ ಸಾಕಾಯಿತು.

ನಮ್ಮಲ್ಲಿ ಅಂಥ ದಾಖಲೆ ಬಹಳ ಕಡಿಮೆ, ಬೇಕಾದ ತುರ್ತು ಮಾತ್ರ ಹೆಚ್ಚಾಗಿದೆ. 2023ರ ಫೆಬ್ರವರಿಯಲ್ಲಿ ದೇಶದ ಸರಾಸರಿ ಗರಿಷ್ಠ ಉಷ್ಣಾಂಶ 1901ರಿಂದ ಅಲ್ಲಿಯವರೆಗಿನ ಯಾವ ಫೆಬ್ರವರಿಗಿಂತಲೂ ಹೆಚ್ಚಿತ್ತು ಎಂದು ಹವಾಮಾನ ಇಲಾಖೆ ಹೇಳಿತು. ‘ಈ ಸಲ ಮಾವು ಬೇಗ ಹೂಬಿಟ್ಟಿತು’, ‘ಹೊಂಗೆ ಯಾಕೋ ತಡ’ ಎಂದು ಪ್ರತಿ ಊರಿನಲ್ಲೂ ಮಾತಾಡುತ್ತೇವೆ. ಎಷ್ಟು ಬೇಗ, ಎಷ್ಟು ತಡ ಎಂದು ಕೇಳಿದರೆ ತೋರಿಸಲು ಏನೂ ಇರುವುದಿಲ್ಲ. ಸಾವಿರಾರು ರೂಪಾಯಿ ಖರ್ಚು ಮಾಡಿ ದೂರದ ಹುಲಿಯ ಚಿತ್ರ ತರುವ ನಾವು ಮನೆ ಮುಂದಿನ ಮರದ ಚಿಗುರಿಗೆ ಒಂದು ಚಿತ್ರ ಮೀಸಲಿಡದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಲಕ್ಷಗಟ್ಟಲೆ ಹುಲಿ ಚಿತ್ರಗಳಿವೆ. ನಿಮ್ಮ ಬೀದಿಯ ಹೊಂಗೆ ಚಿಗುರಿದ ದಿನದ ಚಿತ್ರ ನೀವು ತೆಗೆದರೆ ಮಾತ್ರ ಇರುತ್ತದೆ.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ. ಮನೆ, ಶಾಲೆ, ಕಚೇರಿ ಹತ್ತಿರದ ಒಂದು ಮರವನ್ನು ಆರಿಸಿಕೊಳ್ಳಿ. ಹೊಂಗೆಯೋ ಮಾವೋ ಬೇವೋ ಅರಳಿಯೋ ಯಾವುದಾದರೂ ಸರಿ. ನಿಲ್ಲುವ ಜಾಗವನ್ನು ನೆಲದ ಮೇಲಿನ ಕಲ್ಲಿನಿಂದಲೋ ಗೋಡೆಯ ಮೂಲೆಯಿಂದಲೋ ಗುರುತು ಮಾಡಿಕೊಂಡು, ವಾರಕ್ಕೊಮ್ಮೆ ಒಂದೇ ಹೊತ್ತಿಗೆ, ಜೂಮ್ ಬದಲಿಸದೆ ಮರ ಪೂರ್ತಿ ಬರುವಂತೆ ಒಂದು ಚಿತ್ರ ತೆಗೆಯಿರಿ, ಒಂದು ಕೊಂಬೆಯ ತುದಿಯನ್ನು ಹತ್ತಿರದಿಂದ ಇನ್ನೊಂದು. ಮೊಬೈಲು ಸಾಕು. ಕ್ಯಾಮೆರಾದ ಗಡಿಯಾರ ಸರಿಯಿದೆಯೇ ನೋಡಿಕೊಳ್ಳಿ, ಮರದ ಹೆಸರು, ಜಾಗ, ದಿನಾಂಕ ಬರೆದಿಡಿ. ಮಕ್ಕಳಿದ್ದರೆ ಅವರಿಗೇ ಈ ಕೆಲಸ ವಹಿಸಿ. ಮರಗಳ ಚಿಗುರು, ಹೂ, ಕಾಯಿಗಳನ್ನು ವಾರವಾರ ದಾಖಲಿಸುವ ಸೀಸನ್‌ವಾಚ್ ಎಂಬ ಯೋಜನೆ ದೇಶದಲ್ಲಿ ನಡೆಯುತ್ತಿದೆ, ಶಾಲೆಗಳೂ ಸಾಮಾನ್ಯ ನಾಗರಿಕರೂ ಅದಕ್ಕೆ ತಮ್ಮ ಮರವನ್ನು ಸೇರಿಸಬಹುದು. ಈ ವಾರವೇ ಶುರು ಮಾಡಿ, ಮುಂದಿನ ವರ್ಷ ಸಂಕ್ರಾಂತಿ ಕಳೆದ ಮೇಲೆ ಅದೇ ಜಾಗಕ್ಕೆ ಮತ್ತೆ ಹೋಗಿ ನಿಲ್ಲಿ.